ನೋಡಿಕೊಳ್ಳುವುದು ಬೇರೆ, ಕಾವಲು ಕಾಯುವುದು ಬೇರೆ



ತಿಪಟೂರಿನ ನಮ್ಮ ಬೀದಿಯ ಸ್ವಸಹಾಯ ಸಂಘದ ಸಭೆ ವಾರಕ್ಕೊಮ್ಮೆ ಸಂಜೆ ನಡೆಯುತ್ತದೆ. ಕಾಲೇಜಿನಿಂದ ನಿವೃತ್ತಳಾದ ಮೇಲೆ ನಡಾವಳಿ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಸದಸ್ಯರಲ್ಲಿ ಕೆಲವರು ಕೊಬ್ಬರಿ ಮಂಡಿಯಲ್ಲಿ ಕೆಲಸ ಮಾಡುವವರು, ಕೆಲವರು ನಾರಿನ ಹಗ್ಗ ಹೊಸೆಯುವವರು, ಇಬ್ಬರು ಹೊಲಿಗೆ ಯಂತ್ರ ಇಟ್ಟುಕೊಂಡವರು. ಉಳಿತಾಯದ ಹಣ ಎಣಿಸಿ, ಸಾಲದ ಕಂತು ಬರೆದುಕೊಂಡು, ಬ್ಯಾಂಕಿಗೆ ಯಾರು ಹೋಗಬೇಕೆಂದು ತೀರ್ಮಾನಿಸುವಷ್ಟರಲ್ಲಿ ಧಾರಾವಾಹಿಯ ಹೊತ್ತಾಗುತ್ತದೆ. ಒಬ್ಬೊಬ್ಬರೇ ಎದ್ದು ಸೆರಗು ಕೊಡವಿಕೊಳ್ಳುತ್ತಾರೆ.

ಕೆಲವು ತಿಂಗಳ ಹಿಂದೆ ಒಂದು ಸಂಜೆ ಹಾಗೆ ಎದ್ದವರು ಹೊರಡಲಿಲ್ಲ. ಬಾಗಿಲಲ್ಲೇ ನಿಂತು ವಾದಕ್ಕೆ ಇಳಿದರು. ವಾದ ಸಾಲದ್ದಲ್ಲ, ಬಡ್ಡಿಯದ್ದೂ ಅಲ್ಲ. ಜಯಂತನದ್ದು.

‘ಗಂಡ ಅಂದ್ರೆ ಅಂಗಿರ್ಬೇಕು ಕಣಕ್ಕ. ಹೆಂಡ್ತಿ ಅಂದ್ರೆ ಪ್ರಾಣ ಬಿಡ್ತಾನೆ’ ಅಂದಳು ಒಬ್ಬಳು.

‘ಪ್ರಾಣ ಬಿಡಾದಲ್ಲ, ಪ್ರಾಣ ತೆಗಿಯೋನು ಅವ್ನು’ ಅಂದಳು ಇನ್ನೊಬ್ಬಳು.

‘ಪಾಪ, ಅವ್ನಿಗಾದ್ರೂ ಯಾರವ್ರೆ? ಅವ್ಳನ್ನ ಬಿಟ್ರೆ ಗತಿ ಇಲ್ಲ ಅವ್ನಿಗೆ.’

‘ಯಾರೂ ಇಲ್ದಿದ್ರೆ ಕಟ್ಕಂಡೋಳನ್ನ ಕೂಡಾಕ್‌ಬೇಕೇನೆ?’

ಜಯಂತ ಯಾರೆಂದು ನಿಮ್ಮಲ್ಲಿ ಬಹಳ ಮಂದಿಗೆ ಹೇಳಬೇಕಾಗಿಲ್ಲ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. 2024ರ ಜನವರಿಯಲ್ಲಿ ಜೀ ಕನ್ನಡ ವಾಹಿನಿಯಲ್ಲಿ ‘ಲಕ್ಷ್ಮೀ ನಿವಾಸ’ ಎಂಬ ಧಾರಾವಾಹಿ ಶುರುವಾಯಿತು. ಶ್ರೀನಿವಾಸ್ ಮತ್ತು ಲಕ್ಷ್ಮಿ ಎಂಬ ಮಧ್ಯಮ ವರ್ಗದ ದಂಪತಿಗಳ ತುಂಬು ಸಂಸಾರದ ಕಥೆ. ಅವರ ಮಗಳು ಜಾಹ್ನವಿಯನ್ನು ಮದುವೆಯಾದ ಸಿರಿವಂತನೇ ಜಯಂತ. ದೀಪಕ್ ಸುಬ್ರಹ್ಮಣ್ಯ ಎಂಬ ನಟ ಆ ಪಾತ್ರ ಮಾಡಿದರು, ಚಂದನಾ ಅನಂತಕೃಷ್ಣ ಜಾಹ್ನವಿಯಾದರು. ಜಯಂತ ಹೆಂಡತಿಯನ್ನು ‘ಚಿನ್ನುಮರಿ’ ಎಂದು ಕರೆಯುತ್ತಾನೆ. ಅವಳ ಮೇಲೆ ಕೈಯಲ್ಲಿ ಹೂ ಹಿಡಿದಷ್ಟು ಜೋಪಾನ. ಆದರೆ ಮನೆಯ ತುಂಬ ಕ್ಯಾಮೆರಾ ಇಟ್ಟು ಅವಳು ಎಲ್ಲಿ ಕೂತಳು, ಯಾರ ಜೊತೆ ಮಾತನಾಡಿದಳು ಎಂದು ನೋಡುತ್ತಿರುತ್ತಾನೆ. ತನ್ನನ್ನು ಬಿಟ್ಟು ಬೇರೆ ಯಾರೂ ಅವಳಿಗೆ ಹತ್ತಿರವಾಗುವುದನ್ನು ಅವನು ಸಹಿಸುವುದಿಲ್ಲ. ಮೊದಮೊದಲು ಜಾಹ್ನವಿ ಇದೆಲ್ಲವನ್ನೂ ಪ್ರೀತಿ ಎಂದೇ ತಿಳಿಯುತ್ತಾಳೆ. ನಿಜ ಗೊತ್ತಾದ ಮೇಲೆ, ಬೇರೆ ದಾರಿ ಕಾಣದೆ ಸಮುದ್ರಕ್ಕೆ ಹಾರುತ್ತಾಳೆ.

ಇದು ಕೊಲೆಗಾರರನ್ನು ಪೊಲೀಸರು ಹುಡುಕುವ ಬಗೆಯ ಧಾರಾವಾಹಿಯಲ್ಲ. ಮನೆಮಂದಿಯೆಲ್ಲ ಅನ್ನದ ತಟ್ಟೆ ಹಿಡಿದು ಕೂತು ನೋಡುವ ಸಂಸಾರದ ಕಥೆ. ಆದರೂ ಜಯಂತ ಮಾಡಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಹೆಸರು ಮುಚ್ಚಿ ವಕೀಲರ ಮುಂದಿಟ್ಟರೆ ಅವರು ಅದನ್ನು ಅಪರಾಧದ ಪಟ್ಟಿ ಎಂದೇ ಓದುತ್ತಾರೆ. ಹಾಗಿದ್ದೂ ಅವನಿಗೆ ಅಭಿಮಾನಿಗಳಿದ್ದಾರೆ. ‘ಚಿನ್ನುಮರಿ’ ಎಂಬ ಹೆಸರು ಊರೂರಿನ ಮಾತಾಯಿತು. ಕೆಲವರು ಅವನನ್ನು ‘ಸೈಕೋ’ ಎಂದು ಬೈದರು, ಕೆಲವರು ‘ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು’ ಎಂದರು. ನಮ್ಮ ಸಂಘದ ಬಾಗಿಲಲ್ಲಿ ನಡೆದದ್ದು ಅದೇ ವಾದ.

ಆ ಸಂಜೆ ನಾನು ಏನೂ ಹೇಳಲಿಲ್ಲ. ಹೇಳದಿರಲು ಕಾರಣವಿದೆ. ಅದನ್ನು ಹೇಳುವ ಮೊದಲು ಅಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಹೇಳಬೇಕು.

ನಮ್ಮ ಸಂಘಕ್ಕೆ ಹೊಸದಾಗಿ ಸೇರಿದ ಒಬ್ಬ ಸೊಸೆ ಇದ್ದಾಳೆ. ಓದಿದ ಹುಡುಗಿ, ಮಾತು ಕಡಿಮೆ. ಸಭೆ ನಡೆಯುವ ಒಂದು ಗಂಟೆಯಲ್ಲಿ ಅವಳ ಗಂಡ ಮೂರು ಸಲ ಫೋನ್ ಮಾಡುತ್ತಾನೆ. ಅದೂ ಮುಖ ಕಾಣುವ ಹಾಗೆ. ಅವಳು ಎದ್ದು, ಫೋನನ್ನು ಸುತ್ತ ತಿರುಗಿಸಿ, ಕೂತಿರುವ ನಮ್ಮನ್ನೆಲ್ಲ ಅವನಿಗೆ ತೋರಿಸುತ್ತಾಳೆ. ನಾವೂ ನಗುತ್ತಾ ಕೈಯಾಡಿಸುತ್ತೇವೆ. ಆ ದಿನ ವಾದದ ನಡುವೆ ಫೋನ್ ಬಂತು. ಯಾರೋ ‘ಬಂದ ನೋಡ್ರೇ ಇವಳ ಜಯಂತ’ ಅಂದರು. ಎಲ್ಲರೂ ನಕ್ಕೆವು. ಅವಳೂ ನಕ್ಕಳು. ಆದರೆ ಫೋನು ತಿರುಗಿಸುವಾಗ ಅವಳ ಕೈ ನಡುಗುತ್ತಿತ್ತು. ಹತ್ತಿರ ಕೂತಿದ್ದ ನನಗೆ ಅದು ಕಂಡಿತು.

ಆ ಕೈ ನೋಡಿದಾಗ ನನಗೆ ಮೂವತ್ತು ವರ್ಷ ಹಿಂದಿನ ಒಬ್ಬ ವಿದ್ಯಾರ್ಥಿನಿ ನೆನಪಾದಳು.

1990ರ ದಶಕದ ನಡುವಿನ ಮಾತು. ನಾನು ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಮಾಡುತ್ತಿದ್ದೆ. ತುರುವೇಕೆರೆ ಕಡೆಯ ಹಳ್ಳಿಯ ಹುಡುಗಿಯೊಬ್ಬಳು ಬಿ.ಎ. ಎರಡನೇ ವರ್ಷದಲ್ಲಿರುವಾಗ ಮದುವೆಯಾದಳು. ಮದುವೆಯಾದರೂ ಗಂಡ ಓದು ಬಿಡಿಸಲಿಲ್ಲವೆಂದು ನಮಗೆಲ್ಲ ಸಂತೋಷ. ಅವನು ದಿನವೂ ಬೈಕಿನಲ್ಲಿ ಕರೆತಂದು ಬಿಡುತ್ತಿದ್ದ. ಸಂಜೆ ಕಾಲೇಜು ಬಿಡುವ ಮೊದಲೇ ಬಂದು ಗೇಟಿನ ಹತ್ತಿರ ನಿಂತಿರುತ್ತಿದ್ದ. ಮಳೆ ಬಂದರೂ ನಿಂತಿರುತ್ತಿದ್ದ. ನಮ್ಮ ಅಧ್ಯಾಪಕರ ಕೊಠಡಿಯ ಕಿಟಕಿಯಿಂದ ಅವನು ಕಾಣುತ್ತಿದ್ದ. ‘ಗಂಡ ಅಂದರೆ ರಾಮ ಕಣ್ರೀ’ ಎಂದು ನಾವೇ ಮಾತನಾಡಿಕೊಂಡಿದ್ದೇವೆ.

ಒಂದು ಮಧ್ಯಾಹ್ನ ಆ ಹುಡುಗಿ ನನ್ನ ಬಳಿ ಬಂದಳು. ‘ಮೇಡಂ, ಅವರು ನನ್ನನ್ನ ತುಂಬಾ ಚೆನ್ನಾಗಿ ನೋಡ್ಕೋತಾರೆ. ಆದ್ರೆ...’ ಎಂದು ನಿಲ್ಲಿಸಿದಳು. ನಾನು ಅವಳ ಬೆನ್ನು ತಟ್ಟಿ, ‘ಅದೃಷ್ಟವಂತೆ ಕಣಮ್ಮ ನೀನು. ಎಷ್ಟು ಜನಕ್ಕೆ ಸಿಗುತ್ತೆ ಇಂಥ ಗಂಡ?’ ಅಂದೆ. ಗಂಟೆ ಹೊಡೆಯಿತು. ನಾನು ತರಗತಿಗೆ ಹೋದೆ. ಆ ದಿನ ನಾನು ಪಾಠ ಮಾಡಿದ್ದು ಕುಟುಂಬವೆಂಬ ಸಾಮಾಜಿಕ ಸಂಸ್ಥೆಯ ಬಗ್ಗೆ. ಆ ಹುಡುಗಿ ಕೊನೆಯ ವರ್ಷದ ಪರೀಕ್ಷೆಗೆ ಬರಲಿಲ್ಲ. ಯಾಕೆಂದು ನಾನು ವಿಚಾರಿಸಲೂ ಇಲ್ಲ. ಗರ್ಭಿಣಿಯಾಗಿರಬೇಕು ಅಂದುಕೊಂಡೆ.

ಬಹಳ ವರ್ಷಗಳ ನಂತರ ಬಸ್ ನಿಲ್ದಾಣದಲ್ಲಿ ಅವಳೇ ಗುರುತು ಹಿಡಿದು ಮಾತನಾಡಿಸಿದಳು. ಪಕ್ಕದಲ್ಲಿ ಎದೆಯೆತ್ತರದ ಮಗಳು. ನಮ್ಮ ಬಸ್ಸುಗಳು ಬರುವತನಕ ಮಾತನಾಡಿದೆವು. ಅವನು ಗೇಟಿನಲ್ಲಿ ನಿಲ್ಲುತ್ತಿದ್ದುದು ಅವಳು ಯಾರ ಜೊತೆ ನಡೆದು ಬರುತ್ತಾಳೆಂದು ನೋಡಲು. ರಾತ್ರಿ ಒಂದೊಂದು ತರಗತಿಯಲ್ಲೂ ಯಾರ ಪಕ್ಕ ಕೂತೆ ಎಂದು ಕೇಳಿ ಒಪ್ಪಿಸಿಕೊಳ್ಳುತ್ತಿದ್ದ. ತವರಿಗೆ ಬರೆದ ಕಾಗದವನ್ನು ಅವನೇ ಓದಿ ಅಂಟಿಸಬೇಕಿತ್ತು. ಆಮೇಲೆ ಕಾಗದವೂ ನಿಂತಿತು. ನೀರಿಗೆ ಹೋಗುವುದೂ ನಿಂತಿತು. ಅವನು ಹೊರಗೆ ಹೋಗುವಾಗ ಬಾಗಿಲಿಗೆ ಬೀಗ ಹಾಕಿಕೊಂಡು ಹೋಗತೊಡಗಿದ. ಮೊದಲ ಏಟು ಬಿದ್ದದ್ದು ಮದುವೆಯಾಗಿ ಮೂರು ವರ್ಷದ ನಂತರ. ಏಳನೇ ವರ್ಷದಲ್ಲಿ ಮಗಳನ್ನು ಎತ್ತಿಕೊಂಡು ತಾಯಿಯ ಮನೆ ಸೇರಿದಳು. ಹೊಲಿಗೆ ಕಲಿತು ಬದುಕುತ್ತಿದ್ದಳು. ‘ಅವತ್ತು ನೀವು ಇನ್ನೊಂದು ಮಾತು ಕೇಳಿದ್ರೆ ಪರೀಕ್ಷೆಯಾದ್ರೂ ಬರೀತಿದ್ದೆನೇನೋ ಮೇಡಂ’ ಅಂದಳು. ಸಿಟ್ಟಿನಿಂದ ಹೇಳಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದಳು.

ಆದ್ದರಿಂದ ಸೋದರಿಯರೇ, ಜಯಂತ ನಾಯಕನೇ ಅಲ್ಲವೇ ಎಂಬ ಪ್ರಶ್ನೆ ನನಗೆ ಬರಿಯ ಹರಟೆಯಾಗಿ ಉಳಿದಿಲ್ಲ. ನಾನು ಒಮ್ಮೆ ಅಂಥವನನ್ನು ನಾಯಕ ಎಂದು ತೀರ್ಪು ಕೊಟ್ಟವಳು. ಆ ತೀರ್ಪಿನ ಬೆಲೆಯನ್ನು ಇನ್ನೊಬ್ಬಳು ಕಟ್ಟಿದಳು.

ಹಾಗೆಂದು ಜಯಂತನನ್ನು ಮೆಚ್ಚುವ ಹೆಂಗಸರನ್ನು ನಾನು ಬೈಯಲಾರೆ. ಅವರು ಕ್ರೌರ್ಯವನ್ನು ಮೆಚ್ಚುತ್ತಿಲ್ಲ. ದಿನವಿಡೀ ಮಂಡಿಯಲ್ಲಿ ಕೊಬ್ಬರಿ ಬಿಡಿಸಿ ಮನೆಗೆ ಬಂದವಳನ್ನು ‘ಉಂಡೆಯಾ, ಕೈ ನೋಯುತ್ತಾ’ ಎಂದು ಕೇಳುವ ಗಂಡಸು ಎಷ್ಟು ಮನೆಗಳಲ್ಲಿದ್ದಾನೆ? ಹೆಂಡತಿಯ ಮುಖ ಬಾಡಿದರೆ ತಿಳಿಯುವವನು, ಮುದ್ದಿನ ಹೆಸರಿಟ್ಟು ಕರೆಯುವವನು ಪರದೆಯ ಮೇಲೆ ಕಂಡರೆ ಮನಸ್ಸು ಅತ್ತ ವಾಲುವುದು ಸಹಜ. ನಮ್ಮ ಸಂಘದ ಹಿರಿಯಾಕೆಯೊಬ್ಬರು ಅಂದರು: ‘ನಮ್ಮೆಜಮಾನ್ರು ನಲವತ್ತು ವರ್ಷದಲ್ಲಿ ಒಂದಿನ ನನ್ನ ಹೆಸ್ರಿಡಿದು ಕರೀಲಿಲ್ಲ ಮೇಡಂ. ಏಯ್ ಅಂದ್ರೆ ನಾನು.’ ಬರಗಾಲದಲ್ಲಿ ಬೆಳೆದವರಿಗೆ ಪ್ರವಾಹವೂ ಮಳೆಯಂತೆಯೇ ಕಾಣುತ್ತದೆ. ತಪ್ಪು ಆ ಹಸಿವಿನದಲ್ಲ.

ಆದರೆ ನಮ್ಮ ಭಾಷೆಯಲ್ಲೇ ಒಂದು ತೊಡಕಿದೆ. ‘ಚೆನ್ನಾಗಿ ನೋಡಿಕೊಳ್ಳುತ್ತಾನೆ’ ಎನ್ನುತ್ತೇವೆ. ನೋಡಿಕೊಳ್ಳುವುದು ಎಂದರೆ ಇನ್ನೊಬ್ಬರ ಬೇಕುಬೇಡಗಳನ್ನು ಗಮನಿಸುವುದು. ಸದಾ ನೋಡುತ್ತಲೇ ಇರುವುದು ಎಂದರೆ ಕಾವಲು. ತೋಟಕ್ಕೆ ಕಾವಲು ಹಾಕುತ್ತೇವೆ, ಕೊಬ್ಬರಿಯ ಅಟ್ಟಕ್ಕೆ ಬೀಗ ಹಾಕುತ್ತೇವೆ. ಯಾಕೆ? ಅವು ನಮ್ಮ ಸ್ವತ್ತು, ಕಳುವಾಗಬಾರದು. ಹೆಂಡತಿಗೆ ಕಾವಲು ಹಾಕುವವನೂ ಅವಳನ್ನು ಸ್ವತ್ತು ಎಂದೇ ಎಣಿಸಿದ್ದಾನೆ. ವರದಕ್ಷಿಣೆ ಕೇಳುವವನಿಗೂ ಇವನಿಗೂ ಮೂಲದಲ್ಲಿ ಭೇದವಿಲ್ಲ. ಅವನು ಹೆಣ್ಣಿಗೆ ಬೆಲೆ ಕಟ್ಟುತ್ತಾನೆ, ಇವನು ಬೀಗ ಹಾಕುತ್ತಾನೆ. ಹೊರಗೆ ಹೋಗುವಾಗ ‘ಹುಷಾರು’ ಎನ್ನುವವನು ನೋಡಿಕೊಳ್ಳುವವನು. ‘ಹೋಗಬೇಡ’ ಎನ್ನುವವನು ಕಾವಲಿನವನು.

ಜಯಂತನ ಪರವಾಗಿ ಹೇಳುವ ಮಾತುಗಳನ್ನು ಒಂದೊಂದಾಗಿ ನೋಡೋಣ.

ಮೊದಲನೆಯದು, ‘ಪಾಪ, ಅವನು ನೊಂದವನು, ಯಾರೂ ಇಲ್ಲದವನು.’ ಇರಬಹುದು. ನೋವು ಕಂಡವರ ಬಗ್ಗೆ ಕನಿಕರ ಇರಲೇಬೇಕು. ಆದರೆ ನಮ್ಮ ಸಂಘದಲ್ಲಿ ತಾಯಿ ಕಳೆದುಕೊಂಡು ದೊಡ್ಡಮ್ಮನ ಮನೆಯಲ್ಲಿ ಬೆಳೆದವರಿದ್ದಾರೆ, ಎಂಟನೇ ವಯಸ್ಸಿಗೆ ಕೂಲಿಗೆ ಹೋದವರಿದ್ದಾರೆ. ಅವರ್ಯಾರೂ ಗಂಡನನ್ನು ಕೋಣೆಯಲ್ಲಿ ಕೂಡಿಹಾಕಲಿಲ್ಲ. ಗಂಡಸು ನೊಂದರೆ ಅವನ ನೋವನ್ನು ಹೆಂಡತಿ ಹೊರಬೇಕು, ಹೆಂಗಸು ನೊಂದರೆ ತಾನೇ ನುಂಗಬೇಕು ಎನ್ನುವುದು ಯಾವ ನ್ಯಾಯ? ನೋವು ಕಾರಣವಾಗಬಹುದು, ಪರವಾನಗಿಯಾಗಬಾರದು.

ಎರಡನೆಯದು, ‘ಹೊಡೆಯುವುದಿಲ್ಲವಲ್ಲ, ಬಡಿಯುವುದಿಲ್ಲವಲ್ಲ.’ ಇದು ನಮ್ಮಲ್ಲಿ ಬಹಳ ಹಳೆಯ ಅಳತೆಗೋಲು. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯಿದೆ 2005ರಲ್ಲಿ ಬಂದು, 2006ರ ಅಕ್ಟೋಬರ್ 26ರಿಂದ ಜಾರಿಯಲ್ಲಿದೆ. ಅದರ 3ನೇ ಕಲಮು ದೈಹಿಕ ಹಿಂಸೆಯೊಂದನ್ನೇ ಹಿಂಸೆ ಎನ್ನುವುದಿಲ್ಲ. ಲೈಂಗಿಕ ಹಿಂಸೆ, ಮಾತಿನ ಮತ್ತು ಮಾನಸಿಕ ಹಿಂಸೆ, ಹಣಕಾಸಿನ ಹಿಂಸೆ ಇವೆಲ್ಲವನ್ನೂ ಹೆಸರಿಸುತ್ತದೆ. ಆ ಕಾಯಿದೆಯ ನಿಯಮಗಳ ಜೊತೆಗೆ ದೂರು ಬರೆದುಕೊಳ್ಳುವ ನಮೂನೆಯಿದೆ. ಮನೆಯಿಂದ ಹೊರಗೆ ಹೋಗಲು ಬಿಡದಿರುವುದು, ಇಂಥವರನ್ನು ಭೇಟಿ ಮಾಡಬಾರದೆಂದು ತಡೆಯುವುದು, ಕೆಲಸಕ್ಕೆ ಸೇರಲು ಬಿಡದಿರುವುದು ಇವೆಲ್ಲ ಆ ನಮೂನೆಯಲ್ಲಿ ಮಾನಸಿಕ ಹಿಂಸೆಯ ಪಟ್ಟಿಯಲ್ಲಿವೆ. ಅಂದರೆ ಅಭಿಮಾನಿಗಳು ಯಾವುದನ್ನು ಅತಿಯಾದ ಪ್ರೀತಿ ಎನ್ನುತ್ತಾರೋ ಅದನ್ನು ಕಾನೂನು ಹೆಸರು ಹಿಡಿದು ಹಿಂಸೆ ಎಂದಿದೆ.

ಮೂರನೆಯದು, ‘ಕಥೆ ತಾನೇ ಮೇಡಂ, ಅದನ್ನ ಯಾಕೆ ಅಷ್ಟು ಮನಸ್ಸಿಗೆ ಹಚ್ಕೋತೀರಿ?’ ಇದು ಒಳ್ಳೆಯ ಪ್ರಶ್ನೆ. ಧಾರಾವಾಹಿ ನೋಡಿ ಗಂಡಸರು ಕೆಟ್ಟುಹೋದರು ಎಂದು ನಾನು ಹೇಳುವುದಿಲ್ಲ. ಲೆಕ್ಕವೇ ಹಾಗೆ ಹೇಳಲು ಬಿಡುವುದಿಲ್ಲ. 2019-21ರಲ್ಲಿ ನಡೆದ ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 18ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ಶೇಕಡ 44.4ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದರು. 2015-16ರ ಸಮೀಕ್ಷೆಯಲ್ಲಿ ಅದು ಶೇಕಡ 20.6 ಇತ್ತು. ಜಯಂತ ಹುಟ್ಟುವ ಮೊದಲಿನ ಲೆಕ್ಕ ಇದು. ಅದೇ ಸಮೀಕ್ಷೆ ಇನ್ನೊಂದು ಪ್ರಶ್ನೆಯನ್ನೂ ಕೇಳಿತ್ತು. ಹೇಳದೆ ಹೊರಗೆ ಹೋದರೆ, ಎದುರು ಮಾತನಾಡಿದರೆ, ಅಡುಗೆ ಸರಿ ಮಾಡದಿದ್ದರೆ, ಶೀಲದ ಮೇಲೆ ಸಂಶಯ ಬಂದರೆ, ಹೀಗೆ ಏಳು ಕಾರಣಗಳನ್ನು ಕೊಟ್ಟು, ಇವುಗಳಲ್ಲಿ ಯಾವುದಕ್ಕಾದರೂ ಗಂಡ ಹೊಡೆಯುವುದು ಸರಿಯೇ ಎಂದು ಕೇಳಿದರು. ಕರ್ನಾಟಕದ ಗಂಡಸರಲ್ಲಿ ನೂರಕ್ಕೆ ಸುಮಾರು 82 ಮಂದಿ ಒಂದಾದರೂ ಕಾರಣಕ್ಕೆ ‘ಸರಿ’ ಎಂದರು. ಹೆಂಗಸರಲ್ಲಿ ಸುಮಾರು 77 ಮಂದಿ ‘ಸರಿ’ ಎಂದರು.

ಆ 77ನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಸಂಘದಲ್ಲಿ ಇಪ್ಪತ್ತು ಮಂದಿ ಇದ್ದರೆ ಅವರಲ್ಲಿ ಹದಿನೈದು ಮಂದಿಯ ಲೆಕ್ಕ ಅದು. ನಾವು ಬೆಳೆದದ್ದೇ ಹಾಗೆ, ನಮಗೆ ಕಲಿಸಿದ್ದೇ ಹಾಗೆ. ಧಾರಾವಾಹಿ ಹೊಸ ಬೀಜ ಬಿತ್ತುತ್ತಿಲ್ಲ, ಹದವಾಗಿರುವ ನೆಲಕ್ಕೆ ನೀರು ಹಾಯಿಸುತ್ತಿದೆ. ಆದ್ದರಿಂದ ‘ಕಥೆ ತಾನೇ’ ಎಂದು ಸುಮ್ಮನಿರಲು ನನಗೆ ಆಗುವುದಿಲ್ಲ. ಕಥೆಯ ಬಗ್ಗೆ ನಾವು ಕೊಡುವ ತೀರ್ಪನ್ನು ಪಕ್ಕದಲ್ಲಿ ಕೂತ ಹುಡುಗಿ ಕೇಳಿಸಿಕೊಳ್ಳುತ್ತಿರುತ್ತಾಳೆ. ‘ಇಂಥ ಗಂಡ ಸಿಗಲು ಪುಣ್ಯ ಮಾಡಿರಬೇಕು’ ಎಂದು ನಾವು ಅಂದರೆ, ಅಂಥ ಗಂಡ ಈಗಾಗಲೇ ಸಿಕ್ಕಿರುವ ಹುಡುಗಿ ಇನ್ನು ಯಾರ ಹತ್ತಿರ ಬಾಯಿ ಬಿಡುತ್ತಾಳೆ?

ಇದು ಹೊಸ ಕಾಯಿಲೆಯೂ ಅಲ್ಲ, ಕಿರುತೆರೆಯ ಕಾಯಿಲೆ ಮಾತ್ರವೂ ಅಲ್ಲ. 1995ರಲ್ಲಿ ಉಪೇಂದ್ರ ನಿರ್ದೇಶಿಸಿದ ‘ಓಂ’ ಚಿತ್ರ ಬಂದಾಗ ನಮ್ಮ ಕಾಲೇಜಿನ ಹುಡುಗರು ಶಿವರಾಜ್‌ಕುಮಾರ್ ಮಾಡಿದ ಸತ್ಯನ ಪಾತ್ರದಂತೆ ಗಡ್ಡ ಬಿಟ್ಟು ತಿರುಗಿದ್ದನ್ನು ನಾನು ಕಂಡಿದ್ದೇನೆ. ರೌಡಿತನ ಬೇಡವೆನ್ನುವುದೇ ಆ ಚಿತ್ರದ ಸಂದೇಶ ಎಂದು ಹೇಳುತ್ತಿದ್ದರು. ಹುಡುಗರು ಸಂದೇಶವನ್ನು ಚಿತ್ರಮಂದಿರದಲ್ಲೇ ಬಿಟ್ಟು ಲಾಂಗಿನ ಗತ್ತನ್ನು ಮನೆಗೆ ತಂದರು.

ದೂರದ ಅಮೆರಿಕದಲ್ಲೂ ಇದೇ ವಾದ ನಡೆದಿದೆ. 2008ರಿಂದ 2013ರವರೆಗೆ ಅಲ್ಲಿ ‘ಬ್ರೇಕಿಂಗ್ ಬ್ಯಾಡ್’ ಎಂಬ ಅಪರಾಧದ ಧಾರಾವಾಹಿ ಬಂತು. ನನ್ನ ಅಣ್ಣನ ಮಗ ಅದರ ದೊಡ್ಡ ಅಭಿಮಾನಿ, ಅವನೇ ನನಗೆ ಕಥೆ ಹೇಳಿದ್ದು. ವಾಲ್ಟರ್ ವೈಟ್ ಎಂಬ ರಸಾಯನಶಾಸ್ತ್ರದ ಮೇಷ್ಟ್ರಿಗೆ ಕ್ಯಾನ್ಸರ್ ಬರುತ್ತದೆ. ಸಂಸಾರಕ್ಕೆ ಹಣ ಮಾಡಿಡಬೇಕೆಂದು ಮಾದಕ ವಸ್ತು ತಯಾರಿಸಲು ಇಳಿದು, ಕೊನೆಗೆ ಕೊಲೆಗಾರನಾಗುತ್ತಾನೆ. ಪ್ರೇಕ್ಷಕರಲ್ಲಿ ಬಹಳ ಮಂದಿ ಅವನನ್ನು ವೀರನೆಂದು ಕೊಂಡಾಡಿದರು. ಅವನ ಕೃತ್ಯಗಳನ್ನು ಪ್ರಶ್ನಿಸುವ ಹೆಂಡತಿ ಸ್ಕೈಲರಳನ್ನು ದ್ವೇಷಿಸಿದರು. ಆ ಪಾತ್ರ ಮಾಡಿದ ನಟಿ ಆ್ಯನಾ ಗನ್ ಅವರನ್ನೇ ಕೊಲ್ಲಬೇಕೆನ್ನುವ ಮಟ್ಟಕ್ಕೆ ಆ ದ್ವೇಷ ಹೋಯಿತು. 2013ರ ಆಗಸ್ಟ್‌ನಲ್ಲಿ ಅವರು ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯಲ್ಲಿ ಈ ಬಗ್ಗೆ ಲೇಖನ ಬರೆಯಬೇಕಾಯಿತು. ಕೊಲೆ ಮಾಡಿದ ಗಂಡನಿಗೆ ಜೈಕಾರ, ‘ಇದು ತಪ್ಪು’ ಅಂದ ಹೆಂಡತಿಗೆ ಧಿಕ್ಕಾರ. ಓದು, ಹಣ, ದೇಶ ಯಾವುದೂ ಇದಕ್ಕೆ ಅಡ್ಡ ಬಂದಿಲ್ಲ. ನಮ್ಮಲ್ಲಿ ಜಾಹ್ನವಿ ದೂರವಾದ ಮೇಲೆ ‘ಅಷ್ಟು ಪ್ರೀತಿಸೋನನ್ನ ಬಿಟ್ಟೋದ್ಲಲ್ಲ’ ಎಂದವರನ್ನು ನಾನೇ ಕೇಳಿದ್ದೇನೆ. ಸ್ಕೈಲರಳಿಗೆ ಆದದ್ದೂ ಅದೇ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿರಲಿ. ಧಾರಾವಾಹಿ ನಿಲ್ಲಿಸಬೇಕು, ಬಹಿಷ್ಕರಿಸಬೇಕು ಎಂದು ನಾನು ಹೇಳುತ್ತಿಲ್ಲ. ಜಯಂತನ ಪಾತ್ರ ಮಾಡಿದ ನಟನ ಮೇಲೆ ಯಾರೂ ಸಿಟ್ಟಾಗಬೇಕಿಲ್ಲ. ಅಭಿನಯವನ್ನು ಮೆಚ್ಚಿ ಚಪ್ಪಾಳೆ ತಟ್ಟೋಣ. ಪ್ರೀತಿಯ ಮುಖ ಹೊತ್ತ ಹಿಂಸೆ ಹೇಗಿರುತ್ತದೆಂದು ನಮ್ಮ ಮನೆಗಳ ನಡುಮನೆಗೆ ತಂದು ತೋರಿಸಿದ್ದು ಒಂದು ರೀತಿಯಲ್ಲಿ ಉಪಕಾರವೇ. ಮೂವತ್ತು ವರ್ಷದ ಹಿಂದೆ ನನಗೆ ಯಾರಾದರೂ ಹೀಗೆ ತೋರಿಸಿದ್ದರೆ ಗೇಟಿನ ಬಳಿ ನಿಂತವನನ್ನು ನಾನು ರಾಮನೆಂದು ಕರೆಯುತ್ತಿರಲಿಲ್ಲ. ನನ್ನ ತಕರಾರು ಪಾತ್ರದ ಬಗ್ಗೆಯಲ್ಲ, ಅದಕ್ಕೆ ನಾವು ಹಾಕುವ ಹಾರದ ಬಗ್ಗೆ.

ಇನ್ನು ಜಾಹ್ನವಿಯ ವಿಷಯ. ಧಾರಾವಾಹಿಯಲ್ಲಿ ಸಮುದ್ರಕ್ಕೆ ಹಾರಿದವಳು ಬದುಕಿ ಬರುತ್ತಾಳೆ. ನಮ್ಮ ಕೆರೆಗೆ, ಬಾವಿಗೆ ಹಾರಿದವರು ಬರಲಿಲ್ಲ. ಒಂದು ಕಾಲದಲ್ಲಿ ಸ್ಟವ್ ಸಿಡಿದು ಸತ್ತರೆಂದು ಬರೆಸಲ್ಪಟ್ಟವರೂ ಬರಲಿಲ್ಲ. ಆದ್ದರಿಂದ ನಾವು ಕೇಳಬೇಕಾದ ಪ್ರಶ್ನೆ ‘ಜಯಂತ ನಾಯಕನೇ?’ ಎಂಬುದಷ್ಟೇ ಅಲ್ಲ. ಸಮುದ್ರದ ಅಂಚಿಗೆ ಬರುವ ಮೊದಲು ಅವಳಿಗೆ ತಟ್ಟಲು ಒಂದು ಬಾಗಿಲು ಯಾಕೆ ಇರಲಿಲ್ಲ ಎಂಬುದೂ ನಮ್ಮ ಪ್ರಶ್ನೆಯಾಗಬೇಕು.

ಆ ಬಾಗಿಲು ನಮ್ಮ ಸಂಘವಾಗಬಹುದು. ದೊಡ್ಡ ಹೋರಾಟದ ಮಾತಲ್ಲ ಇದು, ಸಣ್ಣ ಸಣ್ಣ ಕೆಲಸಗಳು. ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಕಂತಿನ ಲೆಕ್ಕ ಮುಗಿದ ಮೇಲೆ ಹತ್ತು ನಿಮಿಷ ಈ ಪ್ರಶ್ನೆಗಳನ್ನು ಕೇಳಿಕೊಳ್ಳಿ. ನನ್ನ ಹೆಸರಿನ ಪಾಸ್‌ಬುಕ್ ಯಾರ ಕೈಯಲ್ಲಿದೆ? ಗೃಹಲಕ್ಷ್ಮಿಯ 2000 ರೂಪಾಯಿ ಬಂದಾಗ ಅದನ್ನು ತೆಗೆಯುವವರು ಯಾರು? ನನ್ನ ಫೋನನ್ನು ಇನ್ನೊಬ್ಬರು ದಿನವೂ ತೆರೆದು ನೋಡುತ್ತಾರೆಯೇ? ತವರಿಗೆ ಹೋಗಲು ನಾನು ಹೇಳಿ ಹೋಗುತ್ತೇನೆಯೇ, ಕೇಳಿ ಹೋಗುತ್ತೇನೆಯೇ? ಸಂಘದ ಸಾಲ ನನ್ನ ಹೆಸರಿನಲ್ಲಿದ್ದು ಹಣ ನನ್ನ ಕೈ ತಪ್ಪಿದೆಯೇ? ಉತ್ತರವನ್ನು ಎಲ್ಲರೆದುರು ಹೇಳಲೇಬೇಕೆಂದಿಲ್ಲ. ತನಗೆ ತಾನು ಹೇಳಿಕೊಂಡರೂ ಸಾಕು.

ಹಿಂಸೆ ಎಂದು ಗೊತ್ತಾದಾಗ ಹೋಗಬೇಕಾದ ಜಾಗಗಳೂ ಗೊತ್ತಿರಲಿ. ನಮ್ಮ ರಾಜ್ಯದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯವರೇ, ಅಂದರೆ ನಾವು ಸಿ.ಡಿ.ಪಿ.ಓ. ಎನ್ನುವವರೇ, 2005ರ ಕಾಯಿದೆಯಡಿ ಸಂರಕ್ಷಣಾಧಿಕಾರಿ. ಅಂಗನವಾಡಿ ಕಾರ್ಯಕರ್ತೆಯನ್ನು ಕೇಳಿದರೆ ಅವರ ಕಚೇರಿಯ ದಾರಿ ತಿಳಿಯುತ್ತದೆ. ಮ್ಯಾಜಿಸ್ಟ್ರೇಟರು ಹಿಂಸೆಯನ್ನು ತಡೆಯುವ ಆದೇಶ ಕೊಡಬಹುದು, ಜೀವನಾಂಶ ಕೊಡಿಸಬಹುದು. ಮನೆ ಗಂಡನ ಹೆಸರಿನಲ್ಲಿದ್ದರೂ ಹೆಂಡತಿಗೆ ಅಲ್ಲಿ ವಾಸಿಸುವ ಹಕ್ಕಿದೆ, ಕಾನೂನಿನ ಕ್ರಮವಿಲ್ಲದೆ ಅವಳನ್ನು ಹೊರಹಾಕುವಂತಿಲ್ಲ. ರಕ್ಷಣೆಯ ಆದೇಶ ಮೀರಿದರೆ ಒಂದು ವರ್ಷದವರೆಗೆ ಸೆರೆಮನೆ ಅಥವಾ 20,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂಜರಿಯಬೇಡಿ. ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಉಚಿತ ಕಾನೂನು ನೆರವಿನ ಹಕ್ಕಿದೆ, ತಾಲ್ಲೂಕು ಕಾನೂನು ಸೇವೆಗಳ ಸಮಿತಿ ನ್ಯಾಯಾಲಯದ ಆವರಣದಲ್ಲೇ ಸಿಗುತ್ತದೆ. ಹಿಂದೆ 498ಎ ಎನ್ನುತ್ತಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ಮಾನಸಿಕ ಆರೋಗ್ಯಕ್ಕೆ ಗಂಭೀರ ಹಾನಿಯಾಗುವಂತೆ ನಡೆದುಕೊಳ್ಳುವುದೂ ಅಲ್ಲಿ ಕ್ರೌರ್ಯವೇ. ತುರ್ತು ಇದ್ದರೆ 112, ಮಹಿಳಾ ಸಹಾಯವಾಣಿ 181. ಈ ಎರಡು ಸಂಖ್ಯೆಗಳನ್ನು ನಡಾವಳಿ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ.

ಆದರೆ ಕಾನೂನು, ಕಚೇರಿ ಎಲ್ಲವೂ ಆಮೇಲಿನ ಮಾತು. ಅದಕ್ಕೂ ಮೊದಲು ಒಬ್ಬಳು ಬಾಯಿ ಬಿಡಬೇಕು, ಇನ್ನೊಬ್ಬಳು ಕೇಳಿಸಿಕೊಳ್ಳಬೇಕು. ನಮ್ಮ ಸೀಮೆಯಲ್ಲಿ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತೇವೆ. ಹೊರಗಿನಿಂದ ನೋಡಿದರೆ ಎಲ್ಲ ಕಾಯಿಯೂ ಒಂದೇ. ಒಳಗೆ ಕೊಬ್ಬರಿಯಾಗಿದೆಯೋ ಇಲ್ಲವೋ ಎಂದು ತಿಳಿಯಲು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ಕೇಳುತ್ತೇವೆ. ಕಾಯಿಗೆ ಕೊಡುವಷ್ಟು ಕಿವಿಯನ್ನು ಹೆಣ್ಣುಮಕ್ಕಳ ಮಾತಿಗೂ ಕೊಡೋಣ.

ಅಂದು ಸಭೆ ಮುಗಿದ ಮೇಲೆ ಆ ಸೊಸೆಯನ್ನು ನಡಾವಳಿಗೆ ಸಹಿ ಹಾಕುವ ನೆಪದಲ್ಲಿ ನಿಲ್ಲಿಸಿಕೊಂಡೆ. ಉಳಿದವರು ಹೋದರು. ‘ದಿನಾ ಇಷ್ಟು ಸಲ ಫೋನ್ ಮಾಡ್ತಾರೇನಮ್ಮ?’ ಎಂದು ಕೇಳಿದೆ. ‘ಅವರಿಗೆ ನನ್ನ ಮೇಲೆ ತುಂಬಾ ಪ್ರೀತಿ ಮೇಡಂ. ಆದ್ರೆ...’ ಅಂದಳು.

ಈ ಸಲ ನಾನು ಏನೂ ಹೇಳಲಿಲ್ಲ. ಕುರ್ಚಿ ಎಳೆದು ಅವಳ ಎದುರು ಕೂತೆ. ಬಹಳ ಹೊತ್ತಾದ ಮೇಲೆ ಅವಳು ಮಾತನಾಡಿದಳು. ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಈಗ ವಿಷಯ ನಮ್ಮ ಸಂಘದ ಮೂವರಿಗೆ ಗೊತ್ತಿದೆ. ಅವಳ ಪಾಸ್‌ಬುಕ್ ಅವಳ ಒಪ್ಪಿಗೆಯಿಂದ ನನ್ನ ಬೀರುವಿನಲ್ಲಿದೆ. ನಿಲ್ಲಿಸಿದ್ದ ಕೆಲಸಕ್ಕೆ ಮತ್ತೆ ಹೋಗಬೇಕೋ ಬೇಡವೋ ಎಂದು ಅವಳು ಯೋಚಿಸುತ್ತಿದ್ದಾಳೆ. ತೀರ್ಮಾನ ಅವಳದೇ, ಆತುರ ಮಾಡುವವರು ನಾವಲ್ಲ. ಆದರೆ ಫೋನ್ ಬಂದಾಗ ನಮ್ಮ ಸಭೆಯಲ್ಲಿ ಈಗ ಯಾರೂ ಕೈಯಾಡಿಸಿ ನಗುವುದಿಲ್ಲ.

ಜಯಂತ ನಾಯಕನೇ ಎಂದು ನಿಮ್ಮ ಸಂಘದಲ್ಲೂ ವಾದ ಬಂದರೆ ವಾದ ಮಾಡಿ, ನಿಲ್ಲಿಸಬೇಡಿ. ವಾದದ ನಡುವೆ ಮಾತನಾಡದೆ ಕೂತವಳು ಯಾರು ಎಂದು ಒಮ್ಮೆ ಸುತ್ತ ನೋಡಿ. ಅವಳು ‘ಆದರೆ’ ಅಂದಾಗ ಮಧ್ಯೆ ಬಾಯಿ ಹಾಕಬೇಡಿ.